ಕಾರ್ಡಿಫ್ ಕೊಲ್ಲಿಯ ಮರದ ಬಾಗಿಲು

ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ಕಾರ್ಡಿಫ್‌ಗೆ ರೈಲಿನಲ್ಲಿ ಸುಮಾರು ಎರಡು ಗಂಟೆ. ಹಾದಿಯ ಕೊನೆಯ ಭಾಗದಲ್ಲಿ ರೈಲು ಸೆವರ್ನ್ ನದಿಯ ಅಡಿಗೆ ಇಳಿದುಬಿಡುತ್ತದೆ. 1886ರಲ್ಲಿ ತೆರೆದ ಸುರಂಗ, ಉದ್ದ ಏಳು ಕಿಲೋಮೀಟರ್. ಮೇಲೆ ಹರಿಯುತ್ತಿರುವುದು ಸಾಮಾನ್ಯ ನೀರಲ್ಲ. ಪ್ರಪಂಚದಲ್ಲೇ ಅತಿ ಎತ್ತರದ ಉಬ್ಬರ ಕಾಣುವ ಕೆಲವೇ ಅಳಿವೆಗಳಲ್ಲಿ ಇದೂ ಒಂದು. ಅಷ್ಟೂ ನೀರು ನೆತ್ತಿಯ ಮೇಲಿದೆ ಎಂದು ನೆನೆದು ನಾನು ಸೀಟಿನ ಅಂಚು ಹಿಡಿದು ಕೂತಿದ್ದರೆ, ಎದುರಿನ ಅಜ್ಜ ನಿಶ್ಚಿಂತೆಯಿಂದ ಪದಬಂಧ ಬಿಡಿಸುತ್ತಿದ್ದರು. ಕತ್ತಲು ಕಳೆದು ಬೆಳಕಾದಾಗ ವೇಲ್ಸ್ ಬಂದಿತ್ತು. ಬೋರ್ಡುಗಳಲ್ಲಿ ಎರಡು ಭಾಷೆ, ವೆಲ್ಷ್ ಮೊದಲು, ಇಂಗ್ಲಿಷ್ ಆಮೇಲೆ. ಬೆಂಗಳೂರಿನಿಂದ ಹೋದವಳಿಗೆ ಅಷ್ಟು ನೋಡಿಯೇ ಅರ್ಧ ಹೊಟ್ಟೆ ತುಂಬಿತು.

ನಿಲ್ದಾಣಕ್ಕೆ ಅಕ್ಕನ ಮಗಳು ಬಂದಿದ್ದಳು. ಅಲ್ಲಿ ಎಂಎಸ್‌ಸಿ ಓದುತ್ತಿದ್ದಾಳೆ. ನಾನು ಮನೆಯಿಂದಲೇ ಪಟ್ಟಿ ಮಾಡಿಕೊಂಡು ಹೋಗಿದ್ದೆ: ಕೋಟೆ, ಮ್ಯೂಸಿಯಂ, ಸಾಧ್ಯವಾದರೆ ಒಂದು ಕಲ್ಲಿದ್ದಲ ಗಣಿ. ಅವಳು ಪಟ್ಟಿ ನೋಡಿ ತಲೆ ಅಲ್ಲಾಡಿಸಿದಳು.

"ಕೋಟೆ ಬಿಟ್ರೂ ಪರವಾಗಿಲ್ಲ ಚಿಕ್ಕಮ್ಮ, ಬಾಗಿಲು ಬಿಡಬೇಡ."

"ಯಾವ ಬಾಗಿಲೇ?"

"ಯಾಂಟೋನ ಬಾಗಿಲು. ಸತ್ತು ಎಷ್ಟೋ ವರ್ಷ ಆಯ್ತು, ಇನ್ನೂ ಹೂವು ಇಡ್ತಾರೆ."

ಯಾರೋ ಗಣಿ ಕಾರ್ಮಿಕರ ಮುಖಂಡ ಇರಬೇಕು, ಇಲ್ಲವೇ ರಗ್ಬಿ ಆಟಗಾರ ಎಂದುಕೊಂಡೆ. "ಯಾವಾಗ ಹುಟ್ಟಿದ್ದು?" ಎಂದರೆ ಅವಳು ನಗಲಿಕ್ಕೆ ಶುರುಮಾಡಿದಳು. "ಹುಟ್ಟೇ ಇಲ್ಲ ಚಿಕ್ಕಮ್ಮ. ಟೀವಿ ಸೀರಿಯಲ್ಲಿನವನು."

ಕೋಟೆಯನ್ನೂ ನೋಡಿದೆವು. ರೋಮನ್ನರ ಗೋಡೆ, ನಾರ್ಮನ್ನರ ಬುರುಜು, ಹತ್ತೊಂಬತ್ತನೇ ಶತಮಾನದಲ್ಲಿ ಬ್ಯೂಟ್ ಮನೆತನದ ಶ್ರೀಮಂತ ಹಣ ಸುರಿದು ಮಾಡಿಸಿದ ಚಿನ್ನದ ಕುಸುರಿಯ ಕೋಣೆಗಳು. ಚೆನ್ನಾಗಿವೆ. ಅಂಥವು ಯುರೋಪಿನ ತುಂಬ ಇವೆ, ಹಾಗಾಗಿ ಬಾಗಿಲಿನ ಕಡೆಗೇ ಹೋಗುತ್ತೇನೆ.

ಕ್ವೀನ್ ಸ್ಟ್ರೀಟ್ ನಿಲ್ದಾಣದಿಂದ ಕಾರ್ಡಿಫ್ ಕೊಲ್ಲಿಗೆ ಪುಟ್ಟದೊಂದು ರೈಲು ಓಡುತ್ತದೆ, ನಾಲ್ಕೈದು ನಿಮಿಷದ ಪಯಣ. ಇಳಿದು ಸ್ವಲ್ಪ ನಡೆದರೆ ಕಣ್ಣೆದುರು ವಿಶಾಲವಾದ ನೀರು. ಒಂದು ಕಾಲಕ್ಕೆ ಇದು ಜಗತ್ತಿನ ದೊಡ್ಡ ಕಲ್ಲಿದ್ದಲು ಬಂದರುಗಳಲ್ಲೊಂದು. 1913ರ ಒಂದೇ ವರ್ಷ ಇಲ್ಲಿಂದ ಒಂದು ಕೋಟಿ ಟನ್ನಿಗೂ ಮಿಕ್ಕಿ ಕಲ್ಲಿದ್ದಲು ಹಡಗೇರಿತ್ತು. ಸೊಮಾಲಿಯಾ, ಯೆಮನ್, ಕೆರಿಬಿಯನ್ ದ್ವೀಪಗಳ ನಾವಿಕರು ಬಂದು ನೆಲೆಸಿದ 'ಟೈಗರ್ ಬೇ' ಎಂಬ ಕೇರಿ ಇಲ್ಲೇ ಇತ್ತು. ಕಲ್ಲಿದ್ದಲು ಹೋಯಿತು, ಹಡಗು ಹೋದವು, ಉಳಿದದ್ದು ಇಳಿತದ ಹೊತ್ತಿಗೆ ಬಾಯಿಬಿಡುವ ಕೆಸರು. 1999ರಲ್ಲಿ ಸುಮಾರು ಒಂದು ಕಿಲೋಮೀಟರಿನ ಒಡ್ಡು ಹಾಕಿ ಸಮುದ್ರವನ್ನು ಹೊರಗಿಟ್ಟರು. ಟಾಫ್ ಮತ್ತು ಈಲಿ ನದಿಗಳ ನೀರು ತುಂಬಿ ಇನ್ನೂರು ಹೆಕ್ಟೇರಿನ ಸಿಹಿನೀರ ಸರೋವರವಾಯಿತು. ಹಳೆಯ ಹಡಗುಕಟ್ಟೆಯೊಂದನ್ನು ಮುಚ್ಚಿ ಮಾಡಿದ ಬಟ್ಟಲಿನಾಕಾರದ ಚೌಕಕ್ಕೆ ರೋಲ್ಡ್ ಡಾಲ್ ಪ್ಲಾಸ್ ಎಂದು ಹೆಸರು. ಮಕ್ಕಳ ಕಥೆಗಾರ ಡಾಲ್ ಹುಟ್ಟಿದ್ದು ಕಾರ್ಡಿಫ್‌ನಲ್ಲೇ; ಅವರಿಗೆ ದೀಕ್ಷಾಸ್ನಾನ ಮಾಡಿಸಿದ ನಾರ್ವೆಯವರ ಬಿಳಿಯ ಚರ್ಚು ನೀರಿನ ಆಚೆ ದಡದಲ್ಲಿ ಇನ್ನೂ ಇದೆ.

ಚೌಕದ ತಲೆಯಲ್ಲಿ ವೇಲ್ಸ್ ಮಿಲೆನಿಯಂ ಸೆಂಟರ್, ಕಂಚಿನ ಬಣ್ಣದ ಬೃಹತ್ ರಂಗಮಂದಿರ. ಅದರ ಎದುರು ಇಪ್ಪತ್ತೊಂದು ಮೀಟರ್ ಎತ್ತರದ ಉಕ್ಕಿನ ಕಂಬ. ಮೈಮೇಲೆಲ್ಲ ತೆಳ್ಳಗೆ ನೀರು ಇಳಿಯುತ್ತಿರುತ್ತದೆ, ಬಿಸಿಲಿಗೆ ಕನ್ನಡಿಯ ಹಾಗೆ ಹೊಳೆಯುತ್ತದೆ. ಅದರ ಬುಡದ ಒಂದು ಹಾಸುಗಲ್ಲಿನ ಮೇಲೆ ಇಬ್ಬರು ಹುಡುಗಿಯರು ಉಸಿರು ಬಿಗಿಹಿಡಿದು ನಿಂತಿದ್ದರು, ಮೂರನೆಯವಳು ಫೋಟೋ ತೆಗೆಯುತ್ತಿದ್ದಳು. ನಮ್ಮವಳೂ ಹೋಗಿ ಸರದಿಯಲ್ಲಿ ನಿಂತಳು. "ಇದು ಲಿಫ್ಟು. ಇಲ್ಲಿ ನಿಂತ್ರೆ ಯಾರಿಗೂ ಕಾಣಿಸಲ್ಲ" ಎಂದಳು. ನನಗೆ ಮಾತ್ರ ಎಲ್ಲರೂ ಕಾಣಿಸುತ್ತಿದ್ದರು.

ವಿಷಯ ಇಷ್ಟು. ಬಿಬಿಸಿಯ 'ಡಾಕ್ಟರ್ ಹೂ' ಎಂಬ ಹಳೆಯ ವೈಜ್ಞಾನಿಕ ಕಾಲ್ಪನಿಕ ಧಾರಾವಾಹಿಗೆ 2005ರಲ್ಲಿ ಮತ್ತೆ ಜೀವ ಕೊಟ್ಟದ್ದು ಕಾರ್ಡಿಫ್‌ನಲ್ಲಿ. ಕೊಟ್ಟವರು ಸ್ವಾನ್ಸೀಯಲ್ಲಿ ಹುಟ್ಟಿದ ವೆಲ್ಷ್ ಲೇಖಕ ರಸೆಲ್ ಟಿ. ಡೇವೀಸ್. ಮರುವರ್ಷ ಅಕ್ಟೋಬರಿನಲ್ಲಿ ಅದರ ಕವಲಾಗಿ ದೊಡ್ಡವರಿಗೆಂದು 'ಟಾರ್ಚ್‌ವುಡ್' ಶುರುವಾಯಿತು. ಹೆಸರೇ 'ಡಾಕ್ಟರ್ ಹೂ' ಎಂಬುದರ ಇಂಗ್ಲಿಷ್ ಅಕ್ಷರಗಳನ್ನು ಕಲಸಿ ಮಾಡಿದ್ದು. ಕಾರ್ಡಿಫ್ ಕೊಲ್ಲಿಯಲ್ಲಿ ಕಾಲದ ಬಿರುಕೊಂದಿದೆ, ಅಲ್ಲಿಂದ ಅನ್ಯಗ್ರಹದ ಜೀವಿಗಳು ನುಸುಳುತ್ತವೆ, ಅವನ್ನು ಹಿಡಿಯಲು ಈ ನೀರಿನ ಕಂಬದ ಕೆಳಗೆ, ನೆಲದಾಳದಲ್ಲಿ, ಗುಟ್ಟಾದ ಕಚೇರಿಯೊಂದಿದೆ ಎಂಬುದು ಕಥೆ. ತಂಡದ ನಾಯಕ ಕ್ಯಾಪ್ಟನ್ ಜ್ಯಾಕ್ ಹಾರ್ಕ್‌ನೆಸ್, ಐವತ್ತೊಂದನೇ ಶತಮಾನದಿಂದ ಬಂದವನು. ಸತ್ತರೂ ಮತ್ತೆ ಎದ್ದು ಕೂರುತ್ತಾನೆ. ಗಂಡು, ಹೆಣ್ಣು, ಅನ್ಯಗ್ರಹದವರು ಎಂಬ ಭೇದವಿಲ್ಲದೆ ಪ್ರೀತಿಸುತ್ತಾನೆ. ಅದೇ ಕಚೇರಿಯಲ್ಲಿ ಸೂಟು ತೊಟ್ಟು, ಕಡತ ಜೋಡಿಸಿ, ಎಲ್ಲರಿಗೂ ಕಾಫಿ ಮಾಡಿಕೊಡುವ ಹುಡುಗ ಯಾಂಟೋ ಜೋನ್ಸ್. ಹೊರಜಗತ್ತಿನ ಕಣ್ಣಿಗೆ ಮಣ್ಣೆರಚಲು ಕಚೇರಿಗೆ ಇನ್ನೊಂದು ಬಾಗಿಲಿದೆ: ದಡದಲ್ಲಿರುವ ಪ್ರವಾಸಿ ಮಾಹಿತಿ ಕೇಂದ್ರ. ಅದರ ಕೌಂಟರಿನಲ್ಲಿ ಕೂರುವವನೂ ಯಾಂಟೋನೇ. ಜ್ಯಾಕ್‌ಗೂ ಯಾಂಟೋಗೂ ನಡುವೆ ಮೊದಲು ಚೇಷ್ಟೆ, ಆಮೇಲೆ ಸಲಿಗೆ, ಆಮೇಲೆ ಪ್ರೀತಿ. ಅಭಿಮಾನಿಗಳು ಇಬ್ಬರ ಹೆಸರನ್ನೂ ಬೆಸೆದು 'ಜಾಂಟೋ' ಎಂದರು.

ಹಾಸುಗಲ್ಲಿನಿಂದ ಎಡಕ್ಕೆ, ಮರ್ಮೇಡ್ ಕೀ ಎಂಬ ಹೋಟೆಲು-ಅಂಗಡಿಗಳ ಸಾಲಿನ ಕೆಳಗೆ, ನೀರಿನ ಮಟ್ಟಕ್ಕೆ ಮರದ ಹಲಗೆಯ ಓಣಿಯೊಂದು ಇಳಿಯುತ್ತದೆ. ಮೇಲೆ ಪಿಜ್ಜಾದ ವಾಸನೆ, ಕೆಳಗೆ ಪಾಚಿಯ ವಾಸನೆ. ತಿರುವು ದಾಟಿದೊಡನೆ ಕಂಡಿತು.

ಬಾಗಿಲು ಎಂದರೆ ನಿಜಕ್ಕೂ ಏನೂ ಅಲ್ಲ. ಗೋಡೆಯಲ್ಲಿ ಹುದುಗಿದ, ಯಾವುದೋ ಸಾಮಾನಿನ ಕೋಣೆಯದಿರಬಹುದಾದ ಮಾಮೂಲಿ ಮರದ ಬಾಗಿಲು. ಧಾರಾವಾಹಿಯಲ್ಲಿ ಪ್ರವಾಸಿ ಕೇಂದ್ರದ ಬಾಗಿಲಾಗಿ ತೋರಿಸಿದ್ದು ಇದನ್ನೇ. ಈಗ ಅದರ ಸುತ್ತಮುತ್ತ ಕೈಯಗಲದಷ್ಟೂ ಜಾಗ ಖಾಲಿ ಇಲ್ಲ. ಪ್ಲಾಸ್ಟಿಕ್ ಹಾಳೆಯೊಳಗೆ ಮುಚ್ಚಿಟ್ಟ ಪತ್ರಗಳು (ಕಾರ್ಡಿಫ್‌ನ ಮಳೆಗೆ ಬರಿಯ ಕಾಗದ ಒಂದು ದಿನ ಬಾಳುವುದಿಲ್ಲ), ಬಣ್ಣ ಹಾರಿದ ಫೋಟೋಗಳು, ರಿಬ್ಬನ್ನು, ಬಟ್ಟೆಯ ಹೂವು, ಇವತ್ತೇ ತಂದ ಹೂವು, ಕಾಫಿ ಲೋಟ, ಕಾಮನಬಿಲ್ಲಿನ ಬಾವುಟ, ಅಚ್ಚುಕಟ್ಟಾಗಿ ಗಂಟು ಹಾಕಿದ ಒಂದು ಟೈ. ಇಂಗ್ಲಿಷ್, ಜರ್ಮನ್, ಜಪಾನಿ, ಸ್ಪ್ಯಾನಿಷ್ ಕೈಬರಹಗಳು. ಯಾರೋ ಮಗು ಗೀಚಿದ ಚಿತ್ರವೂ ಇತ್ತು. ಪಕ್ಕದಲ್ಲಿ ಒಂದು ಫಲಕ, ಅಭಿಮಾನಿಗಳದ್ದಲ್ಲ, ಆ ಅಂಗಡಿ ಸಾಲಿನ ಆಡಳಿತದವರೇ ಹಾಕಿಸಿದ್ದು. ವ್ಯಾಪಾರದ ಜಾಗ ನೋಡಿಕೊಳ್ಳುವವರು ಕಸವೆಂದು ಎತ್ತಿಹಾಕಬಹುದಿತ್ತು. ಬದಲಿಗೆ, ಬದುಕೇ ಇರದ ಮನುಷ್ಯನ ಮರಣಕ್ಕೆ ಗಂಭೀರವಾಗಿ ಫಲಕ ನೆಟ್ಟಿದ್ದಾರೆ.

ಇಲ್ಲಿಂದ ಕೆಲವೇ ನಿಮಿಷದ ನಡಿಗೆಯಲ್ಲಿ ನಿಜವಾಗಿ ಸತ್ತವರ ಸ್ಮಾರಕಗಳೂ ಇವೆ. 1910ರ ಜೂನಿನಲ್ಲಿ ಇದೇ ಬಂದರಿನಿಂದ ಹೊರಟು ದಕ್ಷಿಣ ಧ್ರುವದಿಂದ ಮರಳದ ಕ್ಯಾಪ್ಟನ್ ಸ್ಕಾಟ್‌ಗೆ ಬಿಳಿಯ ಕಲ್ಲುಚೂರಿನ ಸ್ಮಾರಕ. ಯುದ್ಧಗಳಲ್ಲಿ ಮುಳುಗಿದ ವ್ಯಾಪಾರಿ ಹಡಗುಗಳ ನಾವಿಕರಿಗೆ ಇನ್ನೊಂದು. ಹಡಗಿನ ಒಡಲೇ ಮಲಗಿದ ಮನುಷ್ಯನ ಮುಖವಾಗಿ ತಿರುಗುವ ಅದ್ಭುತ ಶಿಲ್ಪ. ನಾನು ಹೋದ ದಿನ ಎರಡರ ಬುಡದಲ್ಲೂ ಹೂವಿರಲಿಲ್ಲ. ಯಾಂಟೋನ ಬಾಗಿಲಲ್ಲಿ ಹೂವಿಡಲು ಜಾಗವಿರಲಿಲ್ಲ. ಅನ್ಯಾಯ ಎನ್ನಿಸಿತೇ? ಒಂದು ಕ್ಷಣ ಅನ್ನಿಸಿತು. ನಮ್ಮೂರ ಕೆರೆ ಏರಿಯ ವೀರಗಲ್ಲು ಆಮೇಲೆ ನೆನಪಾಯಿತು. ದನ ಬಿಡಿಸಲು ಹೋಗಿ ಸತ್ತವನ ಹೆಸರು ಊರಿನಲ್ಲಿ ಯಾರಿಗೂ ಗೊತ್ತಿಲ್ಲ, ಕಲ್ಲಿನ ಮೇಲಿನ ಬರಹ ಸವೆದು ಹೋಗಿದೆ, ಆದರೂ ಯುಗಾದಿಗೆ ಅರಿಸಿನ ಕುಂಕುಮ ತಪ್ಪುವುದಿಲ್ಲ. ಅವನಿದ್ದನೋ ಇಲ್ಲವೋ ಎಂದು ನಮ್ಮಜ್ಜಿ ಎಂದೂ ವಿಚಾರಿಸಿದವಳಲ್ಲ.

ಯಾಂಟೋ ಸತ್ತದ್ದೂ ಊರಿನ ಮಕ್ಕಳನ್ನು ಬಿಡಿಸಲು ಹೋಗಿಯೇ. 2009ರ ಜುಲೈ 6ರಿಂದ 10ರವರೆಗೆ ಸತತ ಐದು ರಾತ್ರಿ ಬಿಬಿಸಿ ಒನ್ ವಾಹಿನಿಯಲ್ಲಿ 'ಚಿಲ್ಡ್ರನ್ ಆಫ್ ಅರ್ತ್' ಎಂಬ ಮೂರನೇ ಸರಣಿ ಪ್ರಸಾರವಾಯಿತು. ರಾತ್ರಿಗೆ ಸುಮಾರು 60 ಲಕ್ಷ ಜನ ನೋಡಿದರು. ಅನ್ಯಗ್ರಹದ ಜೀವಿಯೊಂದು ಬಂದು ಭೂಮಿಯ ಹತ್ತರಲ್ಲೊಂದು ಪಾಲು ಮಕ್ಕಳನ್ನು ಕೇಳುತ್ತದೆ. ಸರ್ಕಾರ ಮೇಜಿನ ಸುತ್ತ ಕೂತು ಯಾವ ಮಕ್ಕಳನ್ನು ಕೊಡಬಹುದು ಎಂದು ಲೆಕ್ಕ ಹಾಕುತ್ತದೆ. ಆ ಸಭೆಯ ದೃಶ್ಯ ಎಷ್ಟು ನಯವಾಗಿ, ಎಷ್ಟು ಆಡಳಿತಾತ್ಮಕವಾಗಿ ನಡೆಯುತ್ತದೆಂದರೆ ಮೈ ಜುಮ್ಮೆನ್ನುತ್ತದೆ. ಮೊದಲ ಕಂತಿನಲ್ಲಿ ಯಾಂಟೋ ಅಕ್ಕನ ಮನೆಗೆ ಹೋಗುತ್ತಾನೆ, ಕಾರ್ಮಿಕರ ಬಡಾವಣೆಯ ಇಕ್ಕಟ್ಟಿನ ಮನೆ. ನಿನ್ನನ್ನು ಯಾರೋ ಗಂಡಸಿನ ಜೊತೆ ಹೋಟೆಲಿನಲ್ಲಿ ನೋಡಿದರಂತೆ ಎಂದು ಅವಳು ತೆಗೆಯುತ್ತಾಳೆ. ಗಂಡಸರೆಂದರೆ ಇಷ್ಟ ಅಂತಲ್ಲ, ಇವನೊಬ್ಬನೇ ಎಂಬರ್ಥದ ಮಾತನ್ನು ಅವನು ತಡವರಿಸುತ್ತ ಹೇಳುತ್ತಾನೆ. ನಾಲ್ಕನೇ ಕಂತಿನಲ್ಲಿ ಜ್ಯಾಕ್ ಜೊತೆ ಆ ಜೀವಿಯನ್ನು ಎದುರಿಸಲು ಲಂಡನ್ನಿನ ಸರ್ಕಾರಿ ಕಟ್ಟಡಕ್ಕೆ ನುಗ್ಗುತ್ತಾನೆ. ಅದು ಗಾಳಿಯಲ್ಲಿ ವಿಷಾಣು ಬಿಡುತ್ತದೆ. ಜ್ಯಾಕ್ ಸಾಯಲಾರ, ಯಾಂಟೋ ಅವನ ತೋಳಿನಲ್ಲಿ ಸಾಯುತ್ತಾನೆ. ಸಾವಿರ ವರ್ಷ ಕಳೆದ ಮೇಲೆ ನೀನು ನನ್ನನ್ನು ಮರೆತಿರುತ್ತೀಯ ಎನ್ನುತ್ತಾನೆ. ಮರೆಯುವುದಿಲ್ಲ ಎಂದು ಜ್ಯಾಕ್ ಮಾತು ಕೊಡುತ್ತಾನೆ.

ನಾನು ಆ ಕಂತನ್ನು ನೋಡಿದ್ದು ಬಾಗಿಲು ನೋಡಿ ಬಂದ ರಾತ್ರಿ, ಅವಳ ಲ್ಯಾಪ್‌ಟಾಪಿನಲ್ಲಿ. ಬಾಗಿಲ ಎದುರು ನಿಂತಾಗ ಕಥೆ ಹೇಳಿದವರು ಬೇರೆ: ಪತ್ರವೊಂದರ ಸಡಿಲವಾದ ಪಿನ್ನು ಮತ್ತೆ ಚುಚ್ಚುತ್ತಿದ್ದ, ನನ್ನದೇ ವಯಸ್ಸಿನ ಹೆಂಗಸು. ಇಂಗ್ಲೆಂಡಿನ ಉತ್ತರದಿಂದ ಬಂದಿದ್ದರು. ಕಂತು ಪ್ರಸಾರವಾದ ರಾತ್ರಿ ತಾವು ಅತ್ತದ್ದನ್ನು ಅವರು ಹೇಳಿದ ರೀತಿ, ನೆಂಟರೊಬ್ಬರ ಸಾವಿನ ಸುದ್ದಿ ಬಂದ ರಾತ್ರಿಯನ್ನು ಹೇಳುವಂತೆಯೇ ಇತ್ತು. ಮಾರನೆಯ ದಿನದಿಂದ ಜನ ಇಲ್ಲಿಗೆ ಬಂದು ಚೀಟಿ ಅಂಟಿಸಲು ತೊಡಗಿದರಂತೆ. ಯಾರೂ ಕರೆ ಕೊಡಲಿಲ್ಲ. "ನಾವು ಕಾಫಿ ಕಳಿಸಿದೆವು" ಎಂದರು, ಕಣ್ಣರಳಿಸಿ. ಯಾಂಟೋನನ್ನು ಉಳಿಸಿ ಎಂಬ ಚಳವಳಿ ಎದ್ದಿತ್ತು. ಅವನು ಕಾಫಿ ಮಾಡುವವನಲ್ಲವೇ, ಅದಕ್ಕೇ ಬಿಬಿಸಿ ಕಚೇರಿಗೆ ಅಂಚೆಯಲ್ಲಿ ಕಾಫಿ ಪುಡಿಯ ಪೊಟ್ಟಣಗಳು ಹೋದವು. ಅವನ ಹೆಸರಿನಲ್ಲಿ ಮಕ್ಕಳ ಕಲ್ಯಾಣ ನಿಧಿಗೆ ಹಣವನ್ನೂ ಕೂಡಿಸಿದರು.

ಇಷ್ಟೇ ಆಗಿದ್ದರೆ ಇದು ಮುದ್ದಾದ ಕಥೆ. ಆದರೆ ಬೈಗುಳವೂ ಹೋಯಿತು. ತಂಡದ ಬರಹಗಾರರಲ್ಲಿ ಜೇಮ್ಸ್ ಮೊರಾನ್ ಎಂಬವರು ಅಭಿಮಾನಿಗಳೊಂದಿಗೆ ನೇರವಾಗಿ, ಸ್ನೇಹದಿಂದ ಮಾತಾಡುತ್ತಿದ್ದವರು. ಕೈಗೆ ಸಿಕ್ಕವರು ಅವರೇ ಆದ್ದರಿಂದ ಏಟೂ ಅವರಿಗೇ ಬಿತ್ತು. ನೀನು ಕೊಲೆಗಾರ, ಸಲಿಂಗಿಗಳ ದ್ವೇಷಿ ಎಂದೆಲ್ಲ ಬರೆದರು. ಅವರು ನೊಂದು ದೂರ ಸರಿದರು. ಅವರು ಡೇವೀಸ್ ಜೊತೆ ಸೇರಿ ಬರೆದದ್ದು ಮೂರನೇ ಕಂತನ್ನು. ಯಾಂಟೋ ಸಾಯುವ ನಾಲ್ಕನೇ ಕಂತು ಬರೆದದ್ದು ಜಾನ್ ಫೇ. ಸಿಟ್ಟಿಗೆ ಶೀರ್ಷಿಕೆಯ ಪಟ್ಟಿ ಓದುವಷ್ಟೂ ತಾಳ್ಮೆ ಇರುವುದಿಲ್ಲ. ಈ ಭಾಗಕ್ಕೆ ನನ್ನಲ್ಲಿ ಯಾವ ಸಹಾನುಭೂತಿಯೂ ಇಲ್ಲ. ಆ ಉತ್ತರದ ಹೆಂಗಸಿಗೂ ಇರಲಿಲ್ಲ. ಅದನ್ನು ಹೇಳುವಾಗ ನೆಲ ನೋಡಿದರು.

ಡೇವೀಸ್ ಮಾತ್ರ ಜಗ್ಗಲಿಲ್ಲ. ಅವರು ಸ್ವತಃ ಸಲಿಂಗಿ. ಬ್ರಿಟನ್ನಿನ ಟೀವಿಯಲ್ಲಿ ಸಲಿಂಗಿಗಳ ಬದುಕನ್ನು ಮುಚ್ಚುಮರೆಯಿಲ್ಲದೆ ತಂದ 'ಕ್ವಿಯರ್ ಆಸ್ ಫೋಕ್' ಅವರದ್ದೇ, 1999ರಲ್ಲಿ. ಆಗಿನ್ನೂ ಶಾಲೆಗಳಲ್ಲಿ ಸಲಿಂಗ ಪ್ರೇಮವನ್ನು 'ಉತ್ತೇಜಿಸುವುದು' ಕೂಡದೆನ್ನುವ ಸೆಕ್ಷನ್ 28 ಜಾರಿಯಲ್ಲಿತ್ತು. ವೇಲ್ಸ್ ಮತ್ತು ಇಂಗ್ಲೆಂಡಿನಲ್ಲಿ ಅದು ರದ್ದಾದದ್ದು 2003ರಲ್ಲಿ. ಜ್ಯಾಕ್‌ನನ್ನು ಶನಿವಾರ ಸಂಜೆ ಮಕ್ಕಳುಮರಿ ಕೂತು ನೋಡುವ ಕಾರ್ಯಕ್ರಮದೊಳಗೆ ನಿರಾಳವಾಗಿ ನಡೆಸಿಕೊಂಡು ಬಂದವರೂ ಅವರೇ. ಅಂಥವರನ್ನು ಸಲಿಂಗ ಜೋಡಿಯ ವೈರಿ ಎಂದರೆ ಹೇಗಿರಬೇಡ? ಯಾಂಟೋ ಸಾಯದಿದ್ದರೆ ಜ್ಯಾಕ್ ಒಡೆಯುವುದಿಲ್ಲ, ಜ್ಯಾಕ್ ಒಡೆಯದಿದ್ದರೆ ಐದನೇ ಕಂತಿನಲ್ಲಿ ಸ್ವಂತ ಮೊಮ್ಮಗನನ್ನೇ ಬಲಿಕೊಡುವ ಆ ಭಯಂಕರ ತೀರ್ಮಾನಕ್ಕೆ ಬರುವುದಿಲ್ಲ ಎಂಬ ತರ್ಕ ಕಥೆಯೊಳಗೇ ಇದೆ. ಸಂದರ್ಶನಗಳಲ್ಲಿ ಡೇವೀಸ್ ಆಡಿದ ಮಾತಿನ ಸಾರ: ಕಥೆ ಮತದಾನದಿಂದ ನಡೆಯುವುದಿಲ್ಲ, ಸಂಕಟ ತಡೆಯಲಾಗದವರು ಬೇರೆ ಏನಾದರೂ ನೋಡಲಿ. ಬೇರೆ ಏನೆಂಬುದನ್ನೂ ಚೇಷ್ಟೆಯಿಂದ ಸೂಚಿಸಿದ್ದರು: ಇಬ್ಬರು ಚೆಲುವ ಹುಡುಗರಿರುವ ಅಮೆರಿಕದ 'ಸೂಪರ್‌ನ್ಯಾಚುರಲ್' ನೋಡಿ ಎಂದು.

ಆ ಸೂಚನೆಯ ತಮಾಷೆ ಅರಳಿದ್ದು ಹನ್ನೊಂದು ವರ್ಷದ ಮೇಲೆ. 'ಸೂಪರ್‌ನ್ಯಾಚುರಲ್‌'ನಲ್ಲಿ ಕ್ಯಾಸ್ಟಿಯಲ್ ಎಂಬ ದೇವದೂತನಿಗೂ ಡೀನ್ ಎಂಬ ಬೇಟೆಗಾರನಿಗೂ ನಡುವೆ ಏನೋ ಇದೆ ಎಂದು ಅಭಿಮಾನಿಗಳು ವರ್ಷಗಟ್ಟಲೆ ಹೇಳುತ್ತಲೇ ಇದ್ದರು. 2020ರ ನವೆಂಬರ್ 5ರಂದು, ಧಾರಾವಾಹಿ ಮುಗಿಯಲು ಎರಡು ಕಂತು ಬಾಕಿ ಇರುವಾಗ, ಕ್ಯಾಸ್ಟಿಯಲ್ ಬಾಯಿಬಿಟ್ಟು ಪ್ರೀತಿ ಹೇಳಿದ. ಹೇಳಿದ ಮರುಗಳಿಗೆ ಸತ್ತ.

ಅಭಿಮಾನಿಗಳಿಗೂ ಬರಹಗಾರರಿಗೂ ನಡುವಿನ ಈ ಜಗಳಕ್ಕೆ ಇಂಥ ಉದ್ದನೆಯ ವಂಶಾವಳಿಯೇ ಇದೆ ಎಂದು ನನಗೆ ಗೊತ್ತಾದದ್ದು ಅಕ್ಕನ ಮಗಳಿಂದ. 'ಸ್ಟಾರ್ ಟ್ರೆಕ್‌'ನ ಕರ್ಕ್ ಮತ್ತು ಸ್ಪಾಕ್ ಪ್ರೇಮಿಗಳೆಂದು ಕಲ್ಪಿಸಿದ ಮೊದಲ ಅಚ್ಚಾದ ಕಥೆ 1974ರದ್ದು, ಅಭಿಮಾನಿಗಳೇ ಕಾಸು ಹಾಕಿ ಹೊರತರುತ್ತಿದ್ದ ಪುಟ್ಟ ಪತ್ರಿಕೆಯಲ್ಲಿ. ಬರೆಯುವವರೂ ಓದುವವರೂ ಹೆಚ್ಚಿನಂಶ ಹೆಂಗಸರು. ಧಾರಾವಾಹಿಯ ಕರ್ತೃ ಜೀನ್ ರಾಡನ್‌ಬೆರಿ 1979ರ ತಮ್ಮ ಕಾದಂಬರಿಯಲ್ಲಿ ಇದಕ್ಕೊಂದು ಅಡಿಟಿಪ್ಪಣಿ ಬರೆದು, ಕರ್ಕ್‌ನ ಬಾಯಲ್ಲೇ ಈ ಗಾಳಿಸುದ್ದಿಗೆ ಉತ್ತರ ಕೊಡಿಸಿದರು: ನನಗೆ ಹೆಣ್ಣೇ ಇಷ್ಟ, ಅಲ್ಲದೆ ಏಳು ವರ್ಷಕ್ಕೊಮ್ಮೆ ಮಾತ್ರ ಕಾಮವೆದ್ದೇಳುವ ಸಂಗಾತಿಯನ್ನು ಆರಿಸಿಕೊಳ್ಳುವಷ್ಟು ದಡ್ಡನಲ್ಲ ಎಂದು. ಅಲ್ಲಗಳೆದರೋ ಕಣ್ಣು ಹೊಡೆದರೋ, ಇವತ್ತಿಗೂ ವಾದ ಮುಗಿದಿಲ್ಲ. ಆ ಕಾಲದ ಜಗಳ 'ಅವರಿಬ್ಬರ ನಡುವೆ ಇದೆಯೋ ಇಲ್ಲವೋ' ಎಂಬುದು. ಯಾಂಟೋನ ಕಾಲಕ್ಕೆ ಆ ಪ್ರಶ್ನೆ ಮುಗಿದಿತ್ತು. ತೆರೆಯ ಮೇಲೆಯೇ ಮುತ್ತಿಟ್ಟುಕೊಂಡವರನ್ನು ಇನ್ನಾರು ಅಲ್ಲಗಳೆಯುತ್ತಾರೆ? ಈಗಿನ ಪ್ರಶ್ನೆ 'ಎಷ್ಟು ದಿನ ಬದುಕಲು ಬಿಡುತ್ತೀರಿ' ಎಂಬುದು.

ಅವಳು ಬೆರಳು ಮಡಿಸಿ, ತೆರೆಯ ಮೇಲೆ ಸತ್ತ ಸಲಿಂಗಿ ಪಾತ್ರಗಳ ಹೆಸರು ಹೇಳುತ್ತ ಹೋದಳು. ಎರಡು ಸಾವುಗಳನ್ನು ಅಕ್ಕಪಕ್ಕ ಇಟ್ಟಾಗ ಮಾತ್ರ ನಾನೂ ಬೆಚ್ಚಿದೆ. 2002ರ ಮೇ ತಿಂಗಳಲ್ಲಿ 'ಬಫಿ' ಧಾರಾವಾಹಿಯ ಟಾರಾ: ಮುನಿಸು ಮುಗಿಸಿ ಪ್ರೇಯಸಿಯನ್ನು ಮತ್ತೆ ಕೂಡಿದ್ದಾಳೆ, ಬೇರೆಯವರಿಗೆ ಹಾರಿಸಿದ ಗುಂಡು ಕಿಟಕಿ ಒಡೆದು ಬಂದು ಎದೆಗೆ ಬೀಳುತ್ತದೆ. 2016ರ ಮಾರ್ಚ್ 3ರಂದು 'ದ ಹಂಡ್ರೆಡ್' ಧಾರಾವಾಹಿಯ ಲೆಕ್ಸಾ: ಪ್ರೇಯಸಿಯನ್ನು ಕೂಡಿದ ಕೆಲವೇ ನಿಮಿಷದಲ್ಲಿ, ಅವಳಿಗೆ ಹಾರಿಸಿದ ಗುಂಡು ಇವಳಿಗೆ ತಗಲುತ್ತದೆ. ಹದಿನಾಲ್ಕು ವರ್ಷದ ಅಂತರದಲ್ಲಿ ಅದೇ ಸುಖದ ಗಳಿಗೆ, ಅದೇ ದಾರಿತಪ್ಪಿದ ಗುಂಡು. ಲೆಕ್ಸಾಳ ಪಾತ್ರಧಾರಿ ಇನ್ನೊಂದು ಧಾರಾವಾಹಿಗೆ ಹೋಗಬೇಕಾಗಿತ್ತು ಎಂಬ ಕಾರಣವೂ ಇತ್ತು. ಆದರೆ ಆ ಜೋಡಿಯನ್ನು ಮುಂದಿಟ್ಟು ವೀಕ್ಷಕರನ್ನು ಕರೆದು, ಆಮೇಲೆ ಹೀಗೆ ಮಾಡಿದಿರಲ್ಲ ಎಂದು ಅಭಿಮಾನಿಗಳು ತಿರುಗಿಬಿದ್ದರು. ನಿರ್ಮಾಪಕ ಜೇಸನ್ ರಾಥೆನ್‌ಬರ್ಗ್ ಅದೇ ತಿಂಗಳು ಬಹಿರಂಗ ಕ್ಷಮೆ ಕೇಳಿದರು. ಸಿಟ್ಟು ಅಲ್ಲಿಗೆ ನಿಲ್ಲದೆ ಕೆಲಸವಾಗಿ ತಿರುಗಿತು: ಆತ್ಮಹತ್ಯೆಯ ಅಂಚಿನ ಎಳೆಯರಿಗೆ ನೆರವಾಗುವ ಟ್ರೆವರ್ ಪ್ರಾಜೆಕ್ಟ್ ಸಂಸ್ಥೆಗೆ ಲಕ್ಷ ಡಾಲರಿಗೂ ಹೆಚ್ಚು ದೇಣಿಗೆ, ಲೆಕ್ಸಾಳ ಹೆಸರಿನಲ್ಲಿ ಬರಹಗಾರರಿಗೊಂದು ಪ್ರತಿಜ್ಞೆ, ಮರುವರ್ಷ ಲಾಸ್ ವೇಗಸ್‌ನಲ್ಲಿ ಕ್ಲೆಕ್ಸಾಕಾನ್ ಎಂಬ ಸಮಾವೇಶ.

ಆ ರಾತ್ರಿ ನಾಲ್ಕನೇ ಕಂತು ಮುಗಿದ ಮೇಲೆ ನಮ್ಮಿಬ್ಬರಿಗೂ ಜಗಳವಾಯಿತು. ಸಾವು ಸರಿಯಾಗಿಯೇ ಇದೆ ಎಂಬುದು ನನ್ನ ವಾದ. ಅದೆಷ್ಟು ಚೆನ್ನಾಗಿ ಬರೆದ ಸಾವೆಂದರೆ, ಅದಿಲ್ಲದಿದ್ದರೆ ಆ ಬಾಗಿಲೇ ಇರುತ್ತಿರಲಿಲ್ಲ. ನಮ್ಮ ಧಾರಾವಾಹಿಗಳಲ್ಲಿ ಸತ್ತವರು ಆರು ತಿಂಗಳಿಗೆ ಪ್ಲಾಸ್ಟಿಕ್ ಸರ್ಜರಿ ಮಾಡಿಸಿಕೊಂಡು ಬೇರೆ ನಟಿಯಾಗಿ ವಾಪಸು ಬರುತ್ತಾರೆ, ಅವರಿಗೆ ಯಾರೂ ಹೂವಿಡುವುದಿಲ್ಲ.

"ನಿಂಗೆ ಹೇಳೋದು ಸುಲಭ ಚಿಕ್ಕಮ್ಮ" ಎಂದಳು. "ನಿನ್ನಂಥೋರ ಜೋಡಿ ಟೀವೀಲಿ ಸಾವಿರ ಇದಾವೆ. ಒಂದು ಸತ್ರೆ ಕಥೆ. ನಮ್ಗೆ ಇದ್ದಿದ್ದೇ ಒಂದು." ಆಮೇಲೆ ಇನ್ನೊಂದು ಹೇಳಿದಳು, ಅದು ನಾಟಿತು: "ಅದೇ ಐದು ಕಂತಲ್ಲಿ ಗ್ವೆನ್‌ಗೆ ಏನಾಯ್ತು ನೋಡು."

ಗ್ವೆನ್ ತಂಡದ ಇನ್ನೊಬ್ಬ ಸದಸ್ಯೆ, ರೀಸ್ ಎಂಬ ಗಂಡನಿದ್ದಾನೆ. ಅದೇ ಸರಣಿಯಲ್ಲಿ ಅವಳು ಬಸುರಿ. ಗಂಡ ಹೆಂಡತಿ ಇಬ್ಬರೂ ಬದುಕುತ್ತಾರೆ, ಕೊನೆಯ ದೃಶ್ಯಕ್ಕೆ ತುಂಬಿದ ಹೊಟ್ಟೆ ಹೊತ್ತು ಬೆಟ್ಟ ಹತ್ತಿ ಬರುತ್ತಾರೆ. ಯಾಂಟೋನ ಅಕ್ಕನಿಗೆ ಸಾವಿನ ಸುದ್ದಿ ಹೇಳುವವಳೂ ಗ್ವೆನ್ನೇ. ನಮ್ಮಪ್ಪ ದೊಡ್ಡ ದರ್ಜಿ ಎಂದು ಯಾಂಟೋ ಗೆಳೆಯರಿಗೆ ಹೇಳಿಕೊಂಡಿದ್ದ. ಅಪ್ಪ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದದ್ದು ಎಂದು ಅಕ್ಕನಿಂದ ಆಗ ಗೊತ್ತಾಗುತ್ತದೆ. ಅವನು ಸತ್ತ ಮೇಲೆ ಅವನ ಬಗ್ಗೆ ಇಂಥ ಪುಟ್ಟ ಪುಟ್ಟ ಸತ್ಯಗಳು ಹೊರಬರುವುದನ್ನು ನೋಡಿ, ಅವನು ಬದುಕಿದ್ದಾಗ ಇನ್ನೂ ನಾಲ್ಕು ಕಂತು ಕೊಡಬಹುದಿತ್ತಲ್ಲ ಎಂದು ನನಗೂ ಅನ್ನಿಸಿತು. ಅನ್ನಿಸಿದ್ದನ್ನು ಅವಳಿಗೆ ಹೇಳಲಿಲ್ಲ. ಚಿಕ್ಕಮ್ಮಂದಿರು ಅಷ್ಟು ಬೇಗ ಸೋಲೊಪ್ಪಬಾರದು.

'ಟಾರ್ಚ್‌ವುಡ್' 2011ರಲ್ಲಿ ಅಮೆರಿಕದ ವಾಹಿನಿಯೊಂದರ ಜೊತೆ ಸೇರಿ ಹತ್ತು ಕಂತು ಮಾಡಿ ನಿಂತುಹೋಯಿತು. ಯಾಂಟೋ ಮಾತ್ರ ಪೂರ್ತಿ ನಿಲ್ಲಲಿಲ್ಲ. ಅದೇ ವರ್ಷ ಬಿಬಿಸಿಯ ರೇಡಿಯೋ ನಾಟಕವೊಂದರಲ್ಲಿ ಪ್ರೇತವಾಗಿ ಬಂದ. 2015ರಿಂದ ಬಿಗ್ ಫಿನಿಷ್ ಎಂಬ ಧ್ವನಿನಾಟಕ ಸಂಸ್ಥೆ, ಅವನು ಸಾಯುವುದಕ್ಕಿಂತ ಮುಂಚಿನ ಕಥೆಗಳೆಂದು ಹೊಸಹೊಸ ನಾಟಕಗಳನ್ನು ಹೊರತರುತ್ತ ಬಂದಿದೆ. ದನಿ ಅದೇ ನಟ ಗ್ಯಾರೆತ್ ಡೇವಿಡ್-ಲಾಯ್ಡ್ ಅವರದು. ಸಾವನ್ನು ಅಳಿಸದೆ ಬದುಕನ್ನು ಹಿಗ್ಗಿಸುವ ಈ ಜಾಣತನ ನನಗೆ ಬಹಳ ಹಿಡಿಸಿತು. ಡೇವೀಸ್ ಕೂಡ 2023ರಲ್ಲಿ 'ಡಾಕ್ಟರ್ ಹೂ'ಗೆ ಮರಳಿದರು. 2024ರ ಜೂನಿನ ಒಂದು ಕಂತಿನಲ್ಲಿ ಡಾಕ್ಟರನೂ ರೋಗ್ ಎಂಬ ಬೇಟೆಗಾರನೂ ಮುತ್ತಿಟ್ಟುಕೊಂಡರು. ಕಂತು ಮುಗಿಯುವ ಹೊತ್ತಿಗೆ ರೋಗ್ ಬೇರೊಂದು ಲೋಕಕ್ಕೆ ಕಳೆದುಹೋಗಿದ್ದ. ಇಷ್ಟು ಹೇಳಿ ಅಕ್ಕನ ಮಗಳು ಮುಂದೆ ಮಾತಾಡಲಿಲ್ಲ, ಹುಬ್ಬು ಮಾತ್ರ ಏರಿಸಿದಳು.

ಮಾರನೆಯ ಬೆಳಿಗ್ಗೆ ನಾನೊಬ್ಬಳೇ ಮತ್ತೊಮ್ಮೆ ಹೋದೆ. ಈ ಸಲ ಪತ್ರಗಳನ್ನು ನಿಧಾನಕ್ಕೆ ಓದಿದೆ. ಬಹುಪಾಲು ಪತ್ರಗಳು ಯಾಂಟೋನ ಬಗ್ಗೆ ಅಲ್ಲವೇ ಅಲ್ಲ. ಅಮ್ಮನಿಗೆ ಹೇಳಿದೆ ಎಂದು ಒಬ್ಬರು ಬರೆದಿದ್ದರು. ಮದುವೆಯಾದೆವು ಎಂದು ಇಬ್ಬರು. ಈ ಧಾರಾವಾಹಿಯಿಂದ ಗೆಳತಿಯಾದವಳು ಈಗಿಲ್ಲ, ಅವಳ ಪರವಾಗಿ ಬಂದಿದ್ದೇನೆ ಎಂದು ಮತ್ತೊಬ್ಬರು. ಸಾವಿರ ವರ್ಷ ನೆನಪಿಡುತ್ತೇನೆಂದು ಜ್ಯಾಕ್ ಕೊಟ್ಟ ಮಾತನ್ನು ಬರಹಗಾರರು ಬರೆದು ಕೈತೊಳೆದುಕೊಂಡರು, ನಡೆಸುತ್ತಿರುವವರು ಇವರು. ಕೊಲ್ಲುವ ಹಕ್ಕು ಬರೆದವನದು ಎಂಬುದನ್ನು ನಾನು ಈಗಲೂ ಒಪ್ಪುತ್ತೇನೆ. ಸೂತಕ ಎಷ್ಟು ದಿನ ಎಂದು ಹೇಳುವ ಹಕ್ಕು ಮಾತ್ರ ಅವನದಲ್ಲ.

ಹೋಗುವವರಿಗೆ ಎರಡು ಮಾತು. ಆ ಬಾಗಿಲಿಗೆ ಟಿಕೇಟಿಲ್ಲ, ಸಮಯದ ಕಟ್ಟುಪಾಡಿಲ್ಲ. ಮಳೆ ಮಾತ್ರ ಖಚಿತ, ಕೊಡೆ ಒಯ್ಯಿರಿ, ಏನಾದರೂ ಬರೆದು ಅಂಟಿಸುವುದಾದರೆ ಪ್ಲಾಸ್ಟಿಕ್ ಹಾಳೆಯೊಳಗಿಡಿ. ಹೊರಡುವ ಮುಂಚೆ 2009ರ ಆ ಐದು ಕಂತುಗಳನ್ನು ನೋಡಿಕೊಳ್ಳಿ. ನಾಲ್ಕನೆಯದನ್ನು ನೋಡಿ ಸಿಟ್ಟು ಬಂದರೆ ಬರೆದವರನ್ನು ಬೈಯಬೇಡಿ, ಕಾಫಿ ಪುಡಿ ಕಳಿಸಿ. ಚಿಕ್ಕಮಗಳೂರಿನದಾದರೆ ಇನ್ನೂ ಒಳ್ಳೆಯದು.